ಬೇಲಿಯಿಲ್ಲದ ಹೊಲಗಳ ಊರು ಲ್ಯಾಕ್ಸ್‌ಟನ್: ಈ ಇಂಗ್ಲಿಷ್ ಹಳ್ಳಿಯ ಚರಿತ್ರೆ ಬಲ್ಲವರು ಇದ್ದೀರಾ?

ಟ್ರೆಂಟ್‌ದಂಡೆ

ಎಲ್ಲರಿಗೂ ನಮಸ್ಕಾರ. ನಾನು ನಾಟಿಂಗ್‌ಹ್ಯಾಮ್‌ಗೆ ಬಂದು ಆರು ವರ್ಷವಾಯಿತು. ಇಲ್ಲಿಗೆ ಬಂದವರೆಲ್ಲ ರಾಬಿನ್ ಹುಡ್‌ನ ಶೆರ್ವುಡ್ ಕಾಡು ನೋಡಿಕೊಂಡು ವಾಪಸ್ಸಾಗುತ್ತಾರೆ. ಆ ಕಾಡು ದಾಟಿ, ಆಲರ್ಟನ್ ಪಟ್ಟಣದಿಂದ ಪೂರ್ವಕ್ಕೆ ಸ್ವಲ್ಪ ಹೋದರೆ ಲ್ಯಾಕ್ಸ್‌ಟನ್ ಅಂತ ಒಂದು ಊರು ಸಿಗುತ್ತದೆ. ಮೊದಲ ನೋಟಕ್ಕೆ ಏನೂ ವಿಶೇಷ ಕಾಣುವುದಿಲ್ಲ. ಒಂದು ಚರ್ಚು, ಒಂದು ಪಬ್ಬು, ಕೆಂಪು ಇಟ್ಟಿಗೆಯ ಮನೆಗಳು. ಆದರೆ ಊರ ಹೊರಗೆ ಬಂದು ನಿಂತರೆ ಬೇಲಿಯೇ ಇಲ್ಲ. ಇಂಗ್ಲೆಂಡಿನಲ್ಲಿ ಎಲ್ಲಿ ನೋಡಿದರೂ ಹೊಲಗಳ ಸುತ್ತ ಪೊದೆಬೇಲಿ ಇರುತ್ತದೆ, ಇಲ್ಲಿ ಮಾತ್ರ ಬೇರೆ ಬೇರೆ ರೈತರ ಪಟ್ಟಿಗಳು ಒಂದೇ ಬಯಲಲ್ಲಿ ಪಕ್ಕಪಕ್ಕ ಮಲಗಿವೆ.

ಮಧ್ಯಯುಗದಲ್ಲಿ ಇಂಗ್ಲೆಂಡಿನ ಬಹುಪಾಲು ಬಯಲು ಸೀಮೆ ಹೀಗೇ ಇತ್ತಂತೆ. ಆ ವ್ಯವಸ್ಥೆ ತನ್ನ ನ್ಯಾಯಪಂಚಾಯ್ತಿಯ ಸಮೇತ ಇವತ್ತಿಗೂ ಉಸಿರಾಡುತ್ತಿರುವುದು ಇದೊಂದೇ ಊರಲ್ಲಿ. ಆ ಪಂಚಾಯ್ತಿಗೆ ‘ಕೋರ್ಟ್ ಲೀಟ್’ ಅನ್ನುತ್ತಾರೆ.

ಕಳೆದ ನವೆಂಬರ್ ಕೊನೆಯಲ್ಲಿ ಅವರ ‘ಜ್ಯೂರಿ ದಿನ’ ನೋಡಲು ಹೋಗಿದ್ದೆ. ಊರಿನದೇ ರೈತ ಮಂದಿ, ಹನ್ನೆರಡು ಜನ, ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ ಕೂತು ಆ ವರ್ಷ ಗೋಧಿ ಬಿತ್ತಿದ ಬಯಲಿಗೆ ಹೊರಟರು. ನಾನು ದಾರಿಯ ಮೇಲೆ ನಿಂತು ನೋಡುತ್ತಿದ್ದೆ. ಚಳಿ, ಮೇಲೆ ತುಂತುರು, ಕೆಳಗೆ ಬೂಟು ಕಚ್ಚಿಕೊಳ್ಳುವ ಕೆಂಪು ಜೇಡಿಮಣ್ಣು. ಒಬ್ಬರು ಒಂದು ತುದಿಯಲ್ಲಿ ಗೂಟ ಹಿಡಿದು ನಿಂತರು. ಇನ್ನೊಬ್ಬರು ಈ ತುದಿಯಲ್ಲಿ ಮಂಡಿಯೂರಿ ಒಂದು ಕಣ್ಣು ಮುಚ್ಚಿ ನೇರ ನೋಡಿದರು. “ಸ್ವಲ್ಪ ಎಡಕ್ಕೆ” ಅಂತ ಕೈ ಆಡಿಸಿದರು. ಗೂಟ ಎಡಕ್ಕೆ ಸರಿಯಿತು, ಕೊಡತಿ ಏಟು ಬಿತ್ತು. ಆಗ ಕಂಡಿತು: ಬಿತ್ತನೆಯ ಒಂದು ಸಾಲು ಗೂಟದಿಂದ ಆಚೆಗೆ ಒಂದಡಿ ಹೋಗಿದೆ. ಯಾರೂ ದನಿ ಏರಿಸಲಿಲ್ಲ. ಮುಖ್ಯಸ್ಥ ಚೀಟಿಯಲ್ಲಿ ಬರೆದುಕೊಂಡ, ಮುಂದಿನ ಪಟ್ಟಿಗೆ ನಡೆದರು.

ಆ ಒಂದಡಿ ನೋಡಿ ನನಗೆ ನಮ್ಮೂರು ನೆನಪಾಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇಷ್ಟು ಕಾಲ ಇದು ಹೇಗೆ ಉಳಿಯಿತು? ತಿಳಿದವರು ದಯವಿಟ್ಟು ಹೇಳಿ.

ರಂಟೆ ಕುಂಟೆ

ಅಕ್ಕಾರ, ನೀವು ಬರದಿದ್ದನ್ನ ನಮ್ಮ ಅಪ್ಪಗ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡ್ರು. ನಮ್ಮದು ಗದಗ ಕಡೆ ಎರೆ ಹೊಲ. ನಮ್ಮ ಬಾಜೂ ಹೊಲದವರು ವರ್ಷಾ ವರ್ಷಾ ಬದುವಿನಾಗ ಒಂದೊಂದು ಸಾಲು ಒಳಗ ಬರ್ತಾರ. ಈಗ ಬದು ಅನ್ನೋದು ಒಂದು ಗೇಣು ಉಳದೈತಿ. ಮೊದಲ ಅದರ ಮ್ಯಾಲೆ ಬುತ್ತಿ ಗಂಟು ಹೊತ್ತುಕೊಂಡು ಆರಾಮ ನಡದು ಹೋಗ್ತಿದ್ವಿ. ಅಳತಿ ಮಾಡಸಾಕ ಅರ್ಜಿ ಕೊಟ್ಟು ಕುಂತೀವಿ, ಇನ್ನೂ ಯಾರೂ ಬಂದಿಲ್ಲ.

ಅಪ್ಪ ಕೇಳಿದ್ದು ಇಷ್ಟ: ಬಿತ್ತಿದ ಮ್ಯಾಲೆ ನೋಡಾಕ ಬರ್ತಾರಲ್ಲ, ಆ ತಪ್ಪು ಮಾಡಿದವಗ ಏನ್ ಮಾಡ್ತಾರ? ಆ ಸಾಲು ಯಾರ ಪಾಲಿಗೆ ಹೋಗತೈತಿ? ಮತ್ತ ಒಬ್ಬೊಬ್ಬರ ಹೊಲ ಒಂದ ಕಡೆ ಯಾಕ ಇಲ್ಲ, ಚದುರಿ ಯಾಕ ಐತಿ?

ಟ್ರೆಂಟ್‌ದಂಡೆ

ಅಪ್ಪಾಜಿಯವರಿಗೆ ನನ್ನ ನಮಸ್ಕಾರ ಹೇಳಿ. ಅವರ ಪ್ರಶ್ನೆ ನೆಟ್ಟಗೆ ವಿಷಯಕ್ಕೇ ಬಂದಿದೆ.

ಊರಿಗೆ ಈಗ ಮೂರು ದೊಡ್ಡ ಬಯಲುಗಳಿವೆ: ಪಶ್ಚಿಮ ಬಯಲು, ದಕ್ಷಿಣ ಬಯಲು, ಗಿರಣಿ ಬಯಲು. ಒಬ್ಬ ರೈತನಿಗೆ ಮೂರರಲ್ಲೂ ಪಟ್ಟಿಗಳಿರುತ್ತವೆ. ಒಂದು ಬಯಲಿಗೆ ಒಂದು ವರ್ಷ ಚಳಿಗಾಲದ ಗೋಧಿ, ಮರುವರ್ಷ ವಸಂತದಲ್ಲಿ ಬಿತ್ತುವ ಬಾರ್ಲಿ, ಅವರೆ ಜಾತಿಯ ಬೆಳೆ, ಮೂರನೇ ವರ್ಷ ಬೀಳು. ಬಯಲು ಪೂರ್ತಿ ಒಂದೇ ಸರದಿಯಲ್ಲಿ ತಿರುಗುತ್ತದೆ. ಒಬ್ಬನ ಹೊಲವೆಲ್ಲ ಒಂದೇ ಬಯಲಲ್ಲಿದ್ದರೆ ಬೀಳಿನ ವರ್ಷ ಅವನ ಒಲೆ ಉರಿಯುವುದಿಲ್ಲ. ಚದುರಿರುವುದಕ್ಕೆ ಒಂದು ಕಾರಣ ಇದು. ಜೊತೆಗೆ ದಿಬ್ಬದ ಒಳ್ಳೆ ಮಣ್ಣೂ ತಗ್ಗಿನ ನೀರು ನಿಲ್ಲುವ ಮಣ್ಣೂ ಎಲ್ಲರಿಗೂ ಅಷ್ಟಿಷ್ಟು ಸಿಗುತ್ತದೆ.

ಜ್ಯೂರಿ ಪರಿಶೀಲಿಸುವುದು ಹೊಸದಾಗಿ ಗೋಧಿ ಬಿತ್ತಿದ ಬಯಲನ್ನು. ಹಾಗಾಗಿ ಮೂರು ವರ್ಷಕ್ಕೊಮ್ಮೆ ಪ್ರತಿ ಬಯಲಿಗೂ ಹೆಜ್ಜೆ ಬೀಳುತ್ತದೆ. ಗಡಿ ದಾಟಿದವರ ಹೆಸರು ಒಂದು ವಾರದ ನಂತರ ಸೇರುವ ಕೋರ್ಟ್ ಲೀಟ್‌ನಲ್ಲಿ ಎಲ್ಲರ ಮುಂದೆ ಓದಲಾಗುತ್ತದೆ. ಅದು ಸೇರುವುದು ‘ಡವ್‌ಕಾಟ್’ ಅನ್ನುವ ಊರ ಪಬ್ಬಿನಲ್ಲಿ. ದಂಡ ಬಹಳ ದೊಡ್ಡದೇನಲ್ಲ. ನೆರೆಯವರೆಲ್ಲ ಕೂತಿರುವಾಗ ಹೆಸರು ಓದುವುದೇ ದೊಡ್ಡದು. ಅದೇ ಸಭೆಯಲ್ಲಿ ಮುಂದಿನ ವರ್ಷದ ಜ್ಯೂರಿಯನ್ನೂ ನೇಮಿಸುತ್ತಾರೆ. ಇವತ್ತು ಕಟಕಟೆಯಲ್ಲಿದ್ದವನೇ ನಾಳೆ ಗೂಟ ಹಿಡಿಯಬಹುದು.

ಅಲ್ಲಿ ಒತ್ತುವರಿ ಬರೀ ಪಕ್ಕದವನ ಪಟ್ಟಿಯ ಮೇಲೆ ಆಗುವುದಲ್ಲ. ದಾರಿಯ ಅಂಚು, ಮತ್ತು ‘ಸೈಕ್’ ಅನ್ನುವ ಹುಲ್ಲುಪಟ್ಟಿಗಳನ್ನು ಉತ್ತರೂ ತಪ್ಪೇ. ಸೈಕ್ ಅಂದರೆ ಇಳಿಜಾರಿನ, ತೇವದ, ನೇಗಿಲು ಹೋಗದ ಜಾಗ. ಅಲ್ಲಿನ ಹುಲ್ಲನ್ನು ಪ್ರತಿ ಬೇಸಿಗೆಯಲ್ಲಿ ಹರಾಜು ಹಾಕುತ್ತಾರೆ. ಎಂದೂ ನೇಗಿಲು ತಾಕದ ನೆಲವಾದ್ದರಿಂದ ಬೇರೆಡೆ ಅಳಿದ ಹೂಗಿಡಗಳು ಅಲ್ಲಿ ಉಳಿದಿವೆ, ಸರ್ಕಾರ ಅದನ್ನು ಸಂರಕ್ಷಿತ ತಾಣ ಎಂದು ಘೋಷಿಸಿದೆ.

ಹಳೇ ಸರ್ವೆಯರ್

ಮೇಡಂ, ಮೂವತ್ತು ವರ್ಷ ಸರಪಳಿ ಎಳೆದವನು ನಾನು. ನಿಮ್ಮ ಮಂಡಿಯೂರಿದ ಮನುಷ್ಯನ ಚಿತ್ರ ಓದಿ ನನ್ನ ಮಂಡಿಯೂ ನೋಯಿತು. ನಾವೂ ಹಾಗೇ ನೋಡುತ್ತಿದ್ದುದು.

ಆ ಪಟ್ಟಿಗಳಿಗೂ ನಮ್ಮ ಪಹಣಿಗೂ ರಕ್ತಸಂಬಂಧ ಇದೆ. ಎಕರೆ ಅನ್ನುವುದು ಹುಟ್ಟಿದ್ದೇ ಇಂಥ ಬಯಲಲ್ಲಿ. ಒಂದು ಹೂಡು ಎತ್ತು ಒಂದು ದಿನಕ್ಕೆ ಉಳಬಲ್ಲ ಪಟ್ಟಿ ಅದು. ಉದ್ದ 220 ಗಜ, ಅಗಲ 22 ಗಜ, ಗುಣಿಸಿದರೆ 4,840 ಚದರ ಗಜ. ಆ 220 ಗಜವೇ ಫರ್ಲಾಂಗು. ನಮ್ಮ ಅಜ್ಜಂದಿರು “ಎರಡು ಫರ್ಲಾಂಗು ನಡೆದರೆ ಬಸ್ಸು” ಅನ್ನುತ್ತಿದ್ದರಲ್ಲ, ಆ ಮಾತಿನ ಮೂಲ ಅರ್ಥ ‘ಉಳುಮೆ ಸಾಲಿನ ಉದ್ದ’. ಎತ್ತು ದಣಿಯದೆ ಒಂದೇ ಉಸಿರಿಗೆ ಎಳೆಯುವ ದೂರ.

ಅಗಲದ 22 ಗಜ ಅಂದರೆ 66 ಅಡಿ. 1620ರಲ್ಲಿ ಎಡ್ಮಂಡ್ ಗುಂಟರ್ ಎಂಬ ಇಂಗ್ಲಿಷ್ ಗಣಿತಜ್ಞ ಅದೇ 66 ಅಡಿಯನ್ನು ನೂರು ಕೊಂಡಿಗಳ ಸರಪಳಿ ಮಾಡಿದ. ಬ್ರಿಟಿಷರು ಮುಂಬಯಿ ಪ್ರಾಂತ್ಯದ ರೆವೆನ್ಯೂ ಸರ್ವೆಗೆ ಅದರ ಅರ್ಧ, 33 ಅಡಿ ಸರಪಳಿ ತಂದರು, ಅದರಲ್ಲಿ ಹದಿನಾರು ಭಾಗ, ಒಂದೊಂದಕ್ಕೂ ಆಣೆ ಅಂತ ಹೆಸರು. 33 ಅಡಿಗೆ 33 ಅಡಿ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಹುಡುಗರಿಗೆ ಹೀಗೆ ಹೇಳಿದರೆ ಬೇಗ ಹೊಳೆಯುತ್ತದೆ: ಕ್ರಿಕೆಟ್ ಪಿಚ್‌ನ ಒಂದು ವಿಕೆಟ್ಟಿನಿಂದ ಇನ್ನೊಂದು ವಿಕೆಟ್ಟಿಗೆ ಅದೇ 22 ಗಜ, ಆ ಎತ್ತಿನ ಪಟ್ಟಿಯ ಅಗಲ.

ಲ್ಯಾಕ್ಸ್‌ಟನ್‌ನ ಹೆಸರು ನಮ್ಮ ವೃತ್ತಿಯಲ್ಲಿ ಇನ್ನೊಂದು ಕಾರಣಕ್ಕೆ ದೊಡ್ಡದು. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಸರ್ವೆಯರ್ ಈ ಊರನ್ನು ಪಟ್ಟಿ ಪಟ್ಟಿಯಾಗಿ ಅಳೆದು ನಕ್ಷೆ ಬರೆದ. ಅದು ಈಗ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಸಾವಿರಾರು ತುಂಡುಗಳು, ಯಾರದು ಯಾವುದು ಎಂಬ ಲೆಕ್ಕ. ಖಾಲಿ ಜಾಗದಲ್ಲಿ ಉಳುವವರು, ಕೊಯ್ಯುವವರು, ಬೇಟೆಯಾಡುವವರ ಪುಟ್ಟ ಪುಟ್ಟ ಚಿತ್ರ. ಸರ್ವೆಯರ್ ಒಬ್ಬ ಅಳತೆಯ ಜೊತೆಗೆ ಜನರನ್ನೂ ಬರೆದಿಟ್ಟ ಅನ್ನುವುದು ನನಗೆ ಬಹಳ ಹಿಡಿಸಿದ ವಿಷಯ.

ಮೂರನೇ ಬೆಂಚು

ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ಇದನ್ನು ಗ್ರಾಮಸ್ವರಾಜ್ಯ ಅಂತ ನೋಡುವುದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಭೂಮಿ ಯಾರದು? ಜಮೀನ್ದಾರನದು. ಜ್ಯೂರಿಯಲ್ಲಿ ಕೂರುವವರು ಗೇಣಿದಾರರು. ಊರಲ್ಲಿ ತುಂಡು ನೆಲವೂ ಇಲ್ಲದೆ ಕೂಲಿಗೆ ಹೋಗುತ್ತಿದ್ದವರಿಗೆ ಆ ಸಭೆಯಲ್ಲಿ ಏನು ದನಿ ಇತ್ತು?

ಇನ್ನೊಂದು. ಇಂಗ್ಲೆಂಡಿನ ಉಳಿದ ಊರುಗಳ ಬಯಲು ಏನಾಯಿತು ಅನ್ನುವುದನ್ನೂ ಹೇಳಬೇಕು. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಬೇಲಿ ಕಾಯ್ದೆಗಳನ್ನು ಮಾಡಿತು. ಸುಮಾರು 68 ಲಕ್ಷ ಎಕರೆ ಬಯಲು, ಗೋಮಾಳ, ಹುಲ್ಲುಗಾವಲು ಬೇಲಿಯೊಳಗೆ ಹೋಯಿತು. ಒಂದು ಹಸು, ನಾಲ್ಕು ಬಾತುಕೋಳಿ ಮೇಯಿಸಿಕೊಂಡು, ಸೌದೆ ಆಯ್ದುಕೊಂಡು ಬದುಕುತ್ತಿದ್ದವರು ಬರಿಗೈಲಿ ನಿಂತರು. ಲ್ಯಾಕ್ಸ್‌ಟನ್ ತಪ್ಪಿಸಿಕೊಂಡಿದ್ದು ಊರವರ ಒಗ್ಗಟ್ಟಿನಿಂದಲೋ, ಅದೃಷ್ಟದಿಂದಲೋ?

ಟ್ರೆಂಟ್‌ದಂಡೆ

ನೀವು ಕೇಳಿದ್ದು ಸರಿಯಾಗಿದೆ. ಮೊದಲಿಗೆ ನಾನೂ ಒಗ್ಗಟ್ಟು ಅಂತಲೇ ಅಂದುಕೊಂಡಿದ್ದೆ. ಓದುತ್ತಾ ಹೋದಂತೆ ಬೇರೆ ಚಿತ್ರ ಕಂಡಿತು.

ಇಡೀ ಲ್ಯಾಕ್ಸ್‌ಟನ್ ತೆರೆದೇ ಉಳಿಯಲಿಲ್ಲ. ಅಲ್ಲೂ ಸಾಕಷ್ಟು ನೆಲ ಕಾಲಕಾಲಕ್ಕೆ ಬೇಲಿಯೊಳಗೆ ಹೋಯಿತು. ಈಗ ತೆರೆದಿರುವುದು ಐನೂರು ಎಕರೆಯ ಆಸುಪಾಸು. ಉಳಿದುಕೊಂಡದ್ದಕ್ಕೆ ಒಂದು ದೊಡ್ಡ ಕಾರಣ, ಊರಿನ ನೆಲ ಒಬ್ಬನೇ ದೊಡ್ಡ ಒಡೆಯನ ಕೈಲಿರಲಿಲ್ಲ. ದೊಡ್ಡವರ ಪಟ್ಟಿಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಬಿಡಿಸಿಕೊಳ್ಳುವುದಕ್ಕೆ ಒಪ್ಪಂದವಾಗಲಿಲ್ಲ. ಒಪ್ಪಂದದ ಹೊತ್ತಿಗೆ 19ನೇ ಶತಮಾನದ ಕೊನೆ ಬಂದಿತ್ತು, ಧಾನ್ಯದ ಬೆಲೆ ನೆಲ ಕಚ್ಚಿತ್ತು, ಬೇಲಿಗೆ ದುಡ್ಡು ಸುರಿಯುವುದು ಯಾರಿಗೂ ಬೇಡವಾಗಿತ್ತು. 20ನೇ ಶತಮಾನದ ಶುರುವಿನಲ್ಲಿ ಒಡೆಯರಾಗಿದ್ದ ಮ್ಯಾನ್ವರ್ಸ್ ಅರ್ಲ್‌ಗಳು (ಅರ್ಲ್ ಅನ್ನುವುದು ಅಲ್ಲಿನ ಶ್ರೀಮಂತರ ಪದವಿ) ಸಣ್ಣ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಿದರು, ಬಯಲು ಮಾತ್ರ ತೆರೆದೇ ಇತ್ತು. ಸರ್ವೆಯರ್ ಸರ್ ಹೇಳಿದ ಒಂದೆಕರೆಯ ಪಟ್ಟಿ ಈಗ ಅಲ್ಲಿ ಕಾಣುವುದಿಲ್ಲ, ಹಲವು ಎಕರೆಯ ಪಟ್ಟಿಗಳಿವೆ.

ಅಂದರೆ ಬಯಲು ಉಳಿದದ್ದು ದೊಡ್ಡವರ ತೊಡಕಿನಿಂದ. ಆದರೆ ಬಯಲು ತೆರೆದಿದ್ದ ಮಾತ್ರಕ್ಕೆ ಪದ್ಧತಿ ಉಳಿಯುವುದಿಲ್ಲ. ಲಿಂಕನ್‌ಶೈರಿನ ಆಕ್ಸ್‌ಹೋಮ್‌ನಲ್ಲಿ, ಡೆವನ್‌ನ ಬ್ರಾಂಟನ್‌ನಲ್ಲಿ ತೆರೆದ ಬಯಲುಗಳಿವೆ, ಈ ಪಂಚಾಯ್ತಿ ಅಲ್ಲಿಲ್ಲ. ವರ್ಷ ವರ್ಷ ಚಳಿಯಲ್ಲಿ ಗೂಟ ಹಿಡಿದು ನಡೆದವರು ಗೇಣಿದಾರರೇ, ನೀವು ಹೇಳಿದ ಹಾಗೆ. ಆ ನಡಿಗೆಯನ್ನು ಒಡೆಯ ಅವರಿಗೆ ದಾನ ಕೊಟ್ಟದ್ದಲ್ಲ, ಅವರು ಬಿಡದೆ ಮಾಡಿದ್ದು. ನನಗೆ ಆ ಊರಿನ ಚರಿತ್ರೆ ಅನ್ನಿಸುವುದು ಅದೇ.

ಕೂಲಿಯವರ ದನಿಯ ಮಾತು ನಿಜ. ಅವರ ಹೆಸರು ಸಿಗುವುದು ಚರ್ಚಿನ ಪುಸ್ತಕದಲ್ಲಿ, ಕೋರ್ಟಿನ ಪುಸ್ತಕದಲ್ಲಲ್ಲ.

1952ರಲ್ಲಿ ಅರ್ಲ್ ಎಸ್ಟೇಟು ಮಾರಲು ಹೊರಟಾಗ ಬಯಲು ಒಡೆದುಹೋಗದಿರಲಿ ಅಂತ ಕೃಷಿ ಸಚಿವಾಲಯವೇ ಕೊಂಡಿತು. 1981ರಲ್ಲಿ ಅದು ರಾಜಪೀಠದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್ ಸಂಸ್ಥೆಗೆ ಹೋಯಿತು. 1977ರ ಕಾಯ್ದೆಯೊಂದು ದೇಶದ ಇಂಥ ಹಳೆಯ ಕೋರ್ಟುಗಳ ಅಧಿಕಾರ ಕಿತ್ತುಹಾಕಿದಾಗ ಲ್ಯಾಕ್ಸ್‌ಟನ್‌ನದನ್ನು ಉಳಿಸಿತು. 2018ರಲ್ಲಿ ಕ್ರೌನ್ ಎಸ್ಟೇಟ್ ಮಾರುತ್ತೇವೆ ಅಂದಾಗ ಊರವರಿಗೆ ಎದೆ ಧಸಕ್ಕೆಂದಿತು. 2020ರಲ್ಲಿ ಅದು ಮ್ಯಾನ್ವರ್ಸ್ ಮನೆತನದ್ದೇ ಆದ ಥೋರ್ಸ್‌ಬಿ ಎಸ್ಟೇಟಿಗೆ ಮರಳಿತು.

ಕಡಲತಡಿಯವ

ತಡವಾಗಿ ಬಂದೆ, ಕ್ಷಮಿಸಿ. ಸರ್ವೆಯರ್ ಸರ್ ಹೇಳಿದ 1635ರ ನಕ್ಷೆ ಯಾರು ಮಾಡಿಸಿದ್ದು ಅಂತ ಯಾರೂ ಕೇಳಲಿಲ್ಲವಲ್ಲ! ಆಗ ಊರಿನ ಒಡೆಯನಾಗಿದ್ದವನು ಸರ್ ವಿಲಿಯಂ ಕೋರ್ಟನ್. ಫ್ಲಾಂಡರ್ಸ್ ಮೂಲದ ಲಂಡನ್ ಬಟ್ಟೆ ವ್ಯಾಪಾರಿ. ಹೊಸದಾಗಿ ಕೊಂಡ ನೆಲದಲ್ಲಿ ಏನೇನಿದೆ ಅಂತ ತಿಳಿಯಲು ಅಳೆಸಿದ.

ಆ ಹೆಸರು ಕಂಡ ಕೂಡಲೇ ನಾನು ಕುರ್ಚಿಯಿಂದ ಎದ್ದೆ. ನಾನು ಭಟ್ಕಳದವನು. ನಮ್ಮ ಬಂದರಿನ ಚರಿತ್ರೆ ಓದಿದವರಿಗೆ ಈ ಕೋರ್ಟನ್ ಚೆನ್ನಾಗಿ ಗೊತ್ತು. ನಕ್ಷೆ ಬರೆದ ಅದೇ 1635ರ ಡಿಸೆಂಬರಿನಲ್ಲಿ ಒಂದನೇ ಚಾರ್ಲ್ಸ್ ದೊರೆ ಈತನ ಕೂಟಕ್ಕೆ ಪೂರ್ವದೇಶಗಳ ವ್ಯಾಪಾರಕ್ಕೆ ಪರವಾನಗಿ ಕೊಟ್ಟ. ಈಸ್ಟ್ ಇಂಡಿಯಾ ಕಂಪನಿಗೆ ಅದು ಹೊಟ್ಟೆಯಲ್ಲಿ ಬೆಂಕಿ ಹಾಕಿದ ಹಾಗಾಯಿತು. 1636ರ ಏಪ್ರಿಲ್‌ನಲ್ಲಿ ಜಾನ್ ವೆಡೆಲ್ ನಾಯಕತ್ವದಲ್ಲಿ ಹಡಗುಗಳು ಹೊರಟವು. ಮರುತಿಂಗಳೇ ಕೋರ್ಟನ್ ತೀರಿಕೊಂಡ. ಹಡಗುಗಳು ಗೋವೆಗೆ ಬಂದು, 1637ರಲ್ಲಿ ನಮ್ಮ ಭಟ್ಕಳದಲ್ಲಿ ಲಂಗರು ಹಾಕಿದವು. ಬೇಕಾಗಿದ್ದದ್ದು ಕರಿಮೆಣಸು.

ಆ ಮೆಣಸಿನ ನಾಡಿನ ಒಡೆಯ ಕೆಳದಿಯ ವೀರಭದ್ರ ನಾಯಕ. ಇಂಗ್ಲಿಷ್ ವ್ಯಾಪಾರಿಗಳು ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ಅವನನ್ನು ಕಂಡರು. ಜೊತೆಯಲ್ಲಿದ್ದ ಪೀಟರ್ ಮಂಡಿ ಎಂಬವನು ಆ ಪ್ರಯಾಣವನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆ ಹಡಗುಗಳು ಮುಂದೆ ಚೀನಾದ ಕ್ಯಾಂಟನ್‌ವರೆಗೂ ಹೋದವು. 1638ರಲ್ಲಿ ಅದೇ ಕೂಟ ಕಾರವಾರದಲ್ಲಿ ಕೋಠಿ ತೆರೆಯಿತು.

ಕೋರ್ಟನ್ ಅರಸರಿಗೆ ಕೊಟ್ಟ ಭಾರೀ ಸಾಲ ವಾಪಸ್ಸು ಬರಲಿಲ್ಲ. ಮಗನ ಕಾಲದಲ್ಲಿ ವ್ಯಾಪಾರ ಮುಳುಗಿತು, ಲ್ಯಾಕ್ಸ್‌ಟನ್ ಪಿಯರ್‌ಪಾಂಟ್ ಮನೆತನದ ಕೈಗೆ ಹೋಯಿತು. ಆ ಮ್ಯಾನ್ವರ್ಸ್ ಅರ್ಲ್‌ಗಳು ಇದೇ ವಂಶದವರು. ಒಂದು ಇಂಗ್ಲಿಷ್ ಹಳ್ಳಿಯ ಗೋಧಿ ಪಟ್ಟಿಗೂ ಇಕ್ಕೇರಿಯ ಮೆಣಸಿನ ಬಳ್ಳಿಗೂ ನಡುವೆ ಒಬ್ಬನೇ ಮನುಷ್ಯ ನಿಂತಿದ್ದಾನೆ.

ಟ್ರೆಂಟ್‌ದಂಡೆ

ನನ್ನ ಕೈ ನಡುಗುತ್ತಿದೆ. ಆ ಹೆಸರನ್ನು ಊರಿನ ಮಾಹಿತಿ ಫಲಕದಲ್ಲಿ ಓದಿ ಸುಮ್ಮನೆ ಮುಂದೆ ನಡೆದಿದ್ದೆ. ನನ್ನ ತಾಯಿಯ ತವರು ಸಾಗರ. ಇಕ್ಕೇರಿಯ ಅಘೋರೇಶ್ವರ ಗುಡಿಯ ಅಂಗಳದಲ್ಲಿ ಆಡಿ ಬೆಳೆದವಳು ನಾನು.

ಹಳೇ ಸರ್ವೆಯರ್

ಕಡಲತಡಿಯವರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ನಕ್ಷೆ ಇಷ್ಟು ವರ್ಷ ನೋಡಿದ್ದೇನೆ, ಮಾಡಿಸಿದವನ ಬೆನ್ನು ಹತ್ತಿರಲಿಲ್ಲ.

ಮೇಡಂ ಹೇಳಿದ ಚರ್ಚಿನ ಪುಸ್ತಕ, ಕೋರ್ಟಿನ ಪುಸ್ತಕದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪ್ಯಾರಿಷ್ ಮತ್ತು ಮೇನರ್ ಎರಡನ್ನೂ ಬೆರೆಸುವುದು ಬೇಡ. ಕೋರ್ಟ್ ಲೀಟ್ ಮೇನರಿನದು, ಅಂದರೆ ಜಮೀನಿನ ಒಡೆತನಕ್ಕೆ ಸೇರಿದ್ದು. ಪ್ಯಾರಿಷ್ ಚರ್ಚಿನ ವ್ಯಾಪ್ತಿ. ಪಕ್ಕದ ಮೂರ್‌ಹೌಸ್ ಎಂಬ ಪುಟ್ಟ ಊರೂ ಲ್ಯಾಕ್ಸ್‌ಟನ್ ಪ್ಯಾರಿಷ್ಷಿಗೇ ಸೇರುತ್ತದೆ. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಬರೆದಿಡಬೇಕೆಂದು 1538ರಲ್ಲಿ ಎಲ್ಲ ಪ್ಯಾರಿಷ್‌ಗಳಿಗೆ ಅಪ್ಪಣೆಯಾಯಿತು. 1601ರ ಕಾಯ್ದೆ ಊರಿನ ಬಡವರನ್ನು ಸಾಕುವ ಹೊಣೆಯನ್ನೂ ಪ್ಯಾರಿಷ್ ತಲೆಗೆ ಕಟ್ಟಿತು. ‘ಮೂರನೇ ಬೆಂಚು’ ಕೇಳಿದ ಕೂಲಿಯವರ ಬದುಕನ್ನು ಹುಡುಕಬೇಕಾದರೆ ಇಂಗ್ಲೆಂಡಿನ ಯಾವ ಊರಲ್ಲಾದರೂ ಹಿಡಿಯಬೇಕಾದ್ದು ಈ ಕಡತಗಳನ್ನೇ.

ಪಾದ್ರಿಗೂ ಬಯಲಲ್ಲಿ ಪಟ್ಟಿಗಳಿರುತ್ತಿದ್ದವು, ಅದಕ್ಕೆ ‘ಗ್ಲೀಬ್’ ಅನ್ನುತ್ತಾರೆ, ನಮ್ಮಲ್ಲಿ ಅರ್ಚಕರ ಇನಾಂ ಜಮೀನಿದ್ದ ಹಾಗೆ. ಮೇಲೆ ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆ. 1836ರ ಕಾಯ್ದೆ ಬಂದ ಮೇಲೆ ಅದು ಹಣದ ರೂಪಕ್ಕೆ ತಿರುಗಿತು.

ರಂಟೆ ಕುಂಟೆ

ಸರ್, ಅಕ್ಕಾರ, ಎಲ್ಲಾ ಅಪ್ಪಗ ಹೇಳಿದೆ. ಅವರು ಇನ್ನೊಂದು ಕೇಳ್ಯಾರ. ನಮ್ಮ ಕಡೆ ಮೊದಲ ಕರಿಕಿ ಕೀಳಾಕ ದೊಡ್ಡ ರಂಟೆಗೆ ನಾಕು ಜೋಡಿ ಎತ್ತು ಹೂಡ್ತಿದ್ರು. ಎತ್ತಿನ ಸಾಲು ಉದ್ದ ಆದ್ರ ಹೊಲದ ತುದಿಗೆ ತಿರುಗಸೂದು ಭಾಳ ಕಷ್ಟ. ಅಲ್ಲಿ ಜೇಡಿಮಣ್ಣು ಅಂತೀರಿ, ಹಂಗಾರ ಅವರೂ ಎಂಟು ಎತ್ತು ಹೂಡಿರಬೇಕು. ತಿರುಗಸಾಕ ಏನ್ ಮಾಡ್ತಿದ್ರು?

ಹಳೇ ಸರ್ವೆಯರ್

ನಿಮ್ಮ ತಂದೆಯವರು ನನಗಿಂತ ದೊಡ್ಡ ಸರ್ವೆಯರ್. ಆ ತೊಂದರೆಯ ಗುರುತು ನೆಲದ ಮೇಲೇ ಉಳಿದಿದೆ. ಎಂಟು ಎತ್ತಿನ ಸಾಲನ್ನು ಒಮ್ಮೆಗೇ ತಿರುಗಿಸಲು ಆಗದು, ಹಾಗಾಗಿ ತುದಿ ಬರುವ ಮೊದಲೇ ಎತ್ತುಗಳನ್ನು ಮೆಲ್ಲಗೆ ಎಡಕ್ಕೆ ಎಳೆಯುತ್ತಿದ್ದರು. ನೂರಾರು ವರ್ಷ ಹಾಗೇ ಉತ್ತು ಉತ್ತು ಪಟ್ಟಿಗಳು ನೆಟ್ಟಗಿರದೆ ಮಲಗಿದ ಹಾವಿನ ಹಾಗೆ ಬಳುಕಿದವು. ಇಂಗ್ಲೆಂಡಿನಲ್ಲಿ ಆಮೇಲೆ ಹುಲ್ಲುಗಾವಲಾದ ಕಡೆ ಸಂಜೆಯ ಓರೆ ಬಿಸಿಲಲ್ಲಿ ಆ ಏರು ತಗ್ಗು, ಆ ಬಳುಕು, ಇವತ್ತಿಗೂ ಕಣ್ಣಿಗೆ ಕಾಣುತ್ತದೆ. ತುದಿಯಲ್ಲಿ ಎತ್ತು ತಿರುಗಿಸಲಿಕ್ಕೇ ಒಂದು ಪಟ್ಟಿ ಅಡ್ಡಲಾಗಿ ಬಿಡುತ್ತಿದ್ದರು.

ಮೂರನೇ ಬೆಂಚು

ನನ್ನ ಮಾತು ಸ್ವಲ್ಪ ಬದಲಿಸುತ್ತೇನೆ. ಜಮೀನ್ದಾರಿ ವಿಷಯದಲ್ಲಿ ಅಲ್ಲ. ಆದರೆ ಕೋಟೆ ಅರಮನೆ ಬಿಟ್ಟು ಗೂಟ, ಸಾಲು, ಹುಲ್ಲುಪಟ್ಟಿಯಿಂದ ಒಂದು ಊರಿನ ಚರಿತ್ರೆ ಹೇಳಬಹುದು ಅನ್ನುವುದು ನನಗೆ ಹೊಸದು. ಅಲ್ಲಿ ಕೋಟೆ ಇಲ್ಲವೇ?

ಟ್ರೆಂಟ್‌ದಂಡೆ

ಇದೆ. ಊರ ಉತ್ತರಕ್ಕೆ ನಾರ್ಮನ್ನರ ಕಾಲದ ಮಣ್ಣುದಿಬ್ಬದ ಕೋಟೆ. ಈಗ ಬರೀ ಹುಲ್ಲು ಮುಚ್ಚಿದ ಗುಡ್ಡ, ಕುರಿ ಮೇಯುತ್ತವೆ. ಶೆರ್ವುಡ್ ಅರಣ್ಯದ ಅಧಿಪತಿಗಳಾಗಿದ್ದ ಎವರಿಂಗ್‌ಹ್ಯಾಮ್ ಮನೆತನ ಅಲ್ಲಿ ಆಳಿತು. ಅವರ ಮಲಗಿದ ಪ್ರತಿಮೆಗಳು ಸೇಂಟ್ ಮೈಕೇಲ್ ಚರ್ಚಿನಲ್ಲಿವೆ. ಕಲ್ಲಿನವುಗಳ ನಡುವೆ ಒಬ್ಬ ಹೆಣ್ಣುಮಗಳದು ಮಾತ್ರ ಓಕ್ ಮರದ್ದು, 14ನೇ ಶತಮಾನದ್ದು. ಹತ್ತಿರ ಹೋಗಿ ನೋಡಿದೆ. ಮರದ ಸೀಳು ಉದ್ದಕ್ಕೂ ಓಡಿದೆ, ಮುಖ ಸವೆದಿದೆ, ಕೈ ಜೋಡಿಸಿಕೊಂಡು ಮಲಗಿದ್ದಾಳೆ. ಅಷ್ಟೊಂದು ಕಲ್ಲಿನ ಗಂಡಸರ ಮಧ್ಯೆ ಅವಳ ಮುಂದೆ ಬಹಳ ಹೊತ್ತು ನಿಂತಿದ್ದೆ.

ಬರುವ ನವೆಂಬರಿಗೆ ಮತ್ತೆ ಹೋಗುತ್ತೇನೆ. ಈ ಸಲ ಸರದಿ ಬೇರೆ ಬಯಲಿನದು. ಕಡಲತಡಿಯವರೇ, ಪೀಟರ್ ಮಂಡಿಯ ದಿನಚರಿಯಲ್ಲಿ ಇಕ್ಕೇರಿಯ ಭಾಗ ನಿಮ್ಮ ಹತ್ತಿರ ಇದ್ದರೆ ಹಾಕಿ, ಅಮ್ಮನಿಗೆ ಓದಿ ಹೇಳಬೇಕು.

ರಂಟೆ ಕುಂಟೆ

ಅಕ್ಕಾರ, ಹೋದಾಗ ಆ ಗೂಟ ಎಷ್ಟು ಆಳ ಹುಗೀತಾರ ನೋಡಿ ಬರ್ರಿ. ನಿನ್ನೆ ಅಪ್ಪ ಬಾಜೂ ಹೊಲದವರ ಮನಿಗೆ ಹೋಗಿದ್ರು. ಜಗಳಕ್ಕಲ್ಲ. ಮುಂದಿನ ಮಾಗಿ ಉಳಿಮಿಗೆ ಮೊದಲ ಇಬ್ಬರೂ ಕೂಡಿ ಬದುವಿನ ಮ್ಯಾಲೆ ಒಂದು ಸಲ ನಡೆಯೂಣು, ಹಳೇ ಕಲ್ಲು ಎಲ್ಲೈತಿ ಹುಡುಕೂಣು ಅಂತ ಹೇಳಿ ಬಂದಾರ. ಅವರು ಆಗಲಿ ಅಂದಾರ.